ಅಳೆದದ್ದನ್ನು ಅಳೆದಷ್ಟೇ ಹೇಳುವುದು

ಮಾರ್ಚ್ ಬಂತೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಹಾಪ್ರಬಂಧಗಳ ಕರಡುಗಳು ಬಂದು ಕೂರುತ್ತವೆ. ನಾನು ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ಅದನ್ನು ತಿಳಿದ ಹುಡುಗ ಹುಡುಗಿಯರು "ಮೇಡಂ, ನಾಲ್ಕನೇ ಅಧ್ಯಾಯ ಮಾತ್ರ ಒಂದ್ಸಲ ನೋಡಿ" ಎಂದು ತಂದಿಟ್ಟು ಹೋಗುತ್ತಾರೆ. ನಾಲ್ಕನೇ ಅಧ್ಯಾಯ ಎಂದರೆ ಹೆಚ್ಚಿನ ಪ್ರಬಂಧಗಳಲ್ಲಿ ಫಲಿತಾಂಶದ ಅಧ್ಯಾಯ. ಮೂರು ನಾಲ್ಕು ವರ್ಷ ಹೊಲ ಸುತ್ತಿದ್ದು, ಶಾಲೆ ಶಾಲೆಗೆ ಹೋಗಿ ಪ್ರಶ್ನಾವಳಿ ತುಂಬಿಸಿದ್ದು, ಲ್ಯಾಬಿನಲ್ಲಿ ರಾತ್ರಿ ಕಳೆದದ್ದು ಎಲ್ಲದರ ಫಲ ಅಲ್ಲಿರಬೇಕು. ನನಗೆ ಸಂಕಟವಾಗುವುದು ಅದೇ ಅಧ್ಯಾಯ ಓದುವಾಗ. ಕೆಲಸ ಚೆನ್ನಾಗಿರುತ್ತದೆ, ಲೆಕ್ಕವೂ ಸರಿ ಇರುತ್ತದೆ, ಆದರೆ ಏನು ಸಿಕ್ಕಿತು ಎಂಬುದೇ ಪುಟದಲ್ಲಿ ಕಾಣುವುದಿಲ್ಲ.

ಇದಕ್ಕೆ ಕಾರಣ ಆ ಮಕ್ಕಳ ಬುದ್ಧಿಯಲ್ಲಿ ಇಲ್ಲ. ಹಳೆಯ ಪ್ರಬಂಧದಿಂದ ಹೊಸ ಪ್ರಬಂಧಕ್ಕೆ, ಹಿರಿಯ ಸಂಶೋಧಕರಿಂದ ಕಿರಿಯರಿಗೆ ಇಳಿದುಬಂದ ಕೆಲವು ನಂಬಿಕೆಗಳಲ್ಲಿ ಇದೆ. ಸಂಶೋಧನಾ ಬರವಣಿಗೆಯ ದನಿ ಹೇಗಿರಬೇಕು ಎಂಬ ಬಗ್ಗೆ ನನಗಿರುವ ಅಭಿಪ್ರಾಯ ಇಷ್ಟೇ: ನಾನು ತಪ್ಪಿದ್ದರೆ ಓದುಗರು ಅದನ್ನು ಹಿಡಿಯಲು ಸಾಧ್ಯವಾಗುವಂತೆ ಬರೆಯಬೇಕು. ಆ ಅವಕಾಶ ಕೊಡದ ವಾಕ್ಯ ಎಷ್ಟು ಗಂಭೀರವಾಗಿ ಕೇಳಿಸಿದರೂ ಅದು ಶಾಸ್ತ್ರದ ಮಾತಾಗುವುದಿಲ್ಲ. ಮೇಜಿನ ಮೇಲೆ ಮತ್ತೆ ಮತ್ತೆ ಕಂಡ ತಪ್ಪು ಕಲ್ಪನೆಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಭಾಷೆ ಗಡುಸಾದಷ್ಟೂ ಬರವಣಿಗೆ ಶಾಸ್ತ್ರೀಯ

ಒಂದು ಕರಡಿನಲ್ಲಿ ಈ ವಾಕ್ಯವಿತ್ತು: "ಪ್ರಸ್ತುತ ಅಧ್ಯಯನದಲ್ಲಿ ಜಲಾಭಾವ ಪರಿಸ್ಥಿತಿಯ ಹಿನ್ನೆಲೆಯಲ್ಲಿ ಸಸ್ಯದ ಫಲಧಾರಣಾ ಪ್ರಕ್ರಿಯೆಯ ಮೇಲೆ ಋಣಾತ್ಮಕ ಸ್ವರೂಪದ ಪರಿಣಾಮ ಉಂಟಾಗಿರುವುದನ್ನು ಅವಲೋಕಿಸಲಾಗಿರುತ್ತದೆ." ಹೀಗೆಂದರೆ ಏನಮ್ಮ ಎಂದು ಬರೆದ ಹುಡುಗಿಯನ್ನು ಕೇಳಿದೆ. "ಹೂ ಬಿಡೋ ಹೊತ್ತಲ್ಲಿ ಎರಡು ವಾರ ನೀರು ತಪ್ಪಿದ್ರೆ ಅವರೆ ಗಿಡದಲ್ಲಿ ಕಾಯಿ ಅರ್ಧಕ್ಕರ್ಧ ಕಮ್ಮಿ ಆಗುತ್ತೆ ಮೇಡಂ" ಎಂದಳು. ಬೆಳೆ ಯಾವುದು, ಯಾವ ಹಂತದಲ್ಲಿ ನೀರು ತಪ್ಪಿತು, ಎಷ್ಟು ದಿನ ತಪ್ಪಿತು, ಕಾಯಿ ಎಷ್ಟು ಕಡಿಮೆಯಾಯಿತು – ಆಡಿದ ಮಾತಿನಲ್ಲಿ ನಾಲ್ಕೂ ಇದ್ದವು. ಬರೆದ ವಾಕ್ಯದಲ್ಲಿ ಒಂದೂ ಇರಲಿಲ್ಲ. ಇಬ್ಬರೂ ಕೂತು ತಿದ್ದಿದೆವು: "ಹೂ ಬಿಡುವ ಹಂತದಲ್ಲಿ 14 ದಿನ ನೀರು ಕೊಡದ ಗಿಡಗಳಲ್ಲಿ ಗಿಡವೊಂದಕ್ಕೆ ಸರಾಸರಿ 11 ಕಾಯಿ ಕಟ್ಟಿದವು, ನೀರು ಕೊಟ್ಟ ಗಿಡಗಳಲ್ಲಿ 23." ಇದು ಆಡುಮಾತೂ ಅಲ್ಲ, ಮೊದಲಿನ ಕಗ್ಗಂಟೂ ಅಲ್ಲ. ಈ ವಾಕ್ಯ ಸುಳ್ಳಾಗಿದ್ದರೆ ಇನ್ನೊಬ್ಬರು ಗಿಡ ನೆಟ್ಟು, ಕಾಯಿ ಎಣಿಸಿ ಹಾಗೆಂದು ತೋರಿಸಬಹುದು. ಮೊದಲಿನ ವಾಕ್ಯವನ್ನು ಸುಳ್ಳೆಂದು ತೋರಿಸುವುದಕ್ಕೆ ದಾರಿಯೇ ಇಲ್ಲ.

ಪಾರಿಭಾಷಿಕ ಪದಗಳ ಮಾತು ಬೇರೆ. ದ್ಯುತಿಸಂಶ್ಲೇಷಣೆಗೆ ದ್ಯುತಿಸಂಶ್ಲೇಷಣೆ ಎಂದೇ ಬರೆಯಬೇಕು, ಬದಲಿ ಹುಡುಕಬಾರದು. ಒಮ್ಮೆ ಆರಿಸಿಕೊಂಡ ಪದವನ್ನು ಕೊನೆಯವರೆಗೂ ಬಿಡಬಾರದು. ಒಂದೇ ಪದ ಮರುಕಳಿಸಿದರೆ ಬರಹ ಸೊರಗುತ್ತದೆ ಎಂದು ಶಾಲೆಯಲ್ಲಿ ಪ್ರಬಂಧ ಬರೆಸುವಾಗ ಕಲಿಸಿರುತ್ತಾರೆ. ಅದನ್ನು ನಂಬಿ ಒಂದು ಪುಟದಲ್ಲಿ "ಇಳುವರಿ", ಮುಂದಿನದರಲ್ಲಿ "ಉತ್ಪಾದಕತೆ", ಆಮೇಲೆ "ಫಸಲಿನ ಪ್ರಮಾಣ" ಎಂದು ಬರೆದರೆ, ಇವು ಮೂರು ಬೇರೆ ಬೇರೆ ಅಳತೆಗಳೇ ಎಂದು ಓದುಗರು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿ ಪುನರುಕ್ತಿ ದೋಷವಲ್ಲ.

ಗಾತ್ರಕ್ಕೂ ಘನತೆಗೂ ಸಂಬಂಧವಿಲ್ಲ ಎನ್ನುವುದಕ್ಕೆ ನಾನು ಯಾವಾಗಲೂ ತೋರಿಸುವುದು 1953ರ ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಡಿಎನ್‌ಎ ರಚನೆಯ ಬಗ್ಗೆ ಬರೆದ ಲೇಖನವನ್ನು. ಅದು ಒಂದು ಪುಟ ದಾಟಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಒಂದೇ ಚಿತ್ರವಿದೆ. ಇಡೀ ಜೀವವಿಜ್ಞಾನದ ದಿಕ್ಕು ಬದಲಿಸಿದ ಮಾತು ಅಷ್ಟು ಜಾಗದಲ್ಲಿ ಹಿಡಿಸಿತು.

ತಪ್ಪು ಕಲ್ಪನೆ: "ನಾನು", "ನಾವು" ಎಂದರೆ ವಸ್ತುನಿಷ್ಠತೆ ಹೋಯಿತು

ವಾಟ್ಸನ್ ಮತ್ತು ಕ್ರಿಕ್ ಅವರ ಅದೇ ಲೇಖನದ ಮೊದಲ ಪದವೇ "ನಾವು".

ಮಾಡಿದವರ ಹೆಸರನ್ನು ವಾಕ್ಯದಿಂದ ಅಳಿಸಿದರೆ ಅವರ ಪಕ್ಷಪಾತವೂ ಅಳಿಸಿಹೋಗುತ್ತದೆ ಎಂದು ನಂಬಿ "ಆಯ್ಕೆ ಮಾಡಲಾಯಿತು", "ವಿಶ್ಲೇಷಿಸಲಾಯಿತು", "ಕೈಬಿಡಲಾಯಿತು" ಎಂದು ಸಾಲು ಸಾಲಾಗಿ ಬರೆಯುತ್ತಾರೆ. ಯಾರು ಕೈಬಿಟ್ಟರು, ಏಕೆ ಕೈಬಿಟ್ಟರು? 60 ಮಂದಿಯಲ್ಲಿ 8 ಮಂದಿಯ ಉತ್ತರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು ಒಂದು ತೀರ್ಮಾನ. ತೀರ್ಮಾನ ಮಾಡಿದವರು ಮನುಷ್ಯರು. "8 ಮಂದಿ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಬಿಟ್ಟಿದ್ದರಿಂದ ಅವರನ್ನು ಲೆಕ್ಕದಿಂದ ಹೊರಗಿಟ್ಟೆವು" ಎಂದು ಬರೆದರೆ ಓದುಗರು ಒಪ್ಪಬಹುದು, ತಕರಾರು ಮಾಡಲೂಬಹುದು. ಹಾಗೆ ಬರೆಯುವುದರಲ್ಲೇ ವಸ್ತುನಿಷ್ಠತೆ ಇದೆ.

ಈ ವಿಷಯದಲ್ಲಿ ಕನ್ನಡಕ್ಕೊಂದು ಅನುಕೂಲವಿದೆ. ಅದನ್ನು ನಾವು ಬಳಸಿಕೊಳ್ಳುತ್ತಿಲ್ಲ ಎಂಬುದು ನನ್ನ ಕೊರಗು. ನಮ್ಮ ಕ್ರಿಯಾಪದದ ತುದಿಯಲ್ಲೇ ಕರ್ತೃ ಕೂತಿರುತ್ತದೆ. "ಅಳೆದೆವು", "ಕೇಳಿದೆ", "ಹೋಲಿಸಿದೆವು" ಎಂದರೆ ಸಾಕು, "ನಾನು ನಾನು" ಎಂದು ಎದೆ ತಟ್ಟಿಕೊಂಡಂತೆ ಆಗುವುದಿಲ್ಲ, ಮಾಡಿದವರು ಮರೆಯಾಗುವುದೂ ಇಲ್ಲ. "ಮಾಡಲ್ಪಟ್ಟಿತು" ಎಂಬುದಂತೂ ಕನ್ನಡದ ಕಿವಿಗೆ ಇವತ್ತಿಗೂ ಒಗ್ಗಿಲ್ಲ. ಆದರೆ ಕರ್ಮಣಿ ಪ್ರಯೋಗವನ್ನು ಪೂರ್ತಿ ಬಹಿಷ್ಕರಿಸಬೇಕಿಲ್ಲ. "ಮಾದರಿಗಳನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಲಾಗಿತ್ತು" ಎನ್ನುವಾಗ ಫ್ರಿಜ್ ಬಾಗಿಲು ತೆಗೆದವರು ಯಾರು ಎಂಬುದು ಯಾರಿಗೂ ಬೇಕಿರುವುದಿಲ್ಲ.

ಸಮಾಜಶಾಸ್ತ್ರದಲ್ಲಿ ಈ ಪ್ರಶ್ನೆಗೆ ಇನ್ನೂ ಆಳವಿದೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೆಲೆಸಿ ಕ್ಷೇತ್ರಕಾರ್ಯ ಮಾಡಿದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು, ವರ್ಷಗಟ್ಟಲೆ ಕೂತು ಒಪ್ಪಮಾಡಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪನ್ನೇ ನೆಚ್ಚಿ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಹೊರಬಂತು. ಆ ಪುಸ್ತಕದಲ್ಲಿ ಶ್ರೀನಿವಾಸ್ ತಾವು ಎಲ್ಲಿ ಇಳಿದುಕೊಂಡಿದ್ದರು, ಯಾರ ಅತಿಥಿಯಾಗಿದ್ದರು, ತಮ್ಮ ಜಾತಿಯಿಂದ ಯಾವ ಬಾಗಿಲು ತೆರೆಯಿತು, ಯಾವುದು ತೆರೆಯಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಅಲ್ಲಿ "ನಾನು" ಇಲ್ಲದೆ ಹೋಗಿದ್ದರೆ ಆ ನೋಟ ಎಲ್ಲಿಂದ ಬಂದದ್ದು ಎಂದು ಓದುಗರಿಗೆ ತಿಳಿಯುತ್ತಲೇ ಇರಲಿಲ್ಲ.

ತಪ್ಪು ಕಲ್ಪನೆ: ಕೋಷ್ಟಕ ಕೊಟ್ಟರೆ ಮುಗಿಯಿತು, ಅಂಕಿಗಳೇ ಮಾತಾಡುತ್ತವೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಧೋರಣೆ ಇದು. "ಮೇಲಿನ ಕೋಷ್ಟಕ 4.7ರಿಂದ ಸ್ಪಷ್ಟವಾಗುತ್ತದೆ" ಎಂದು ಬರೆದು ಮುಂದಿನ ಕೋಷ್ಟಕಕ್ಕೆ ಹೋಗಿಬಿಡುತ್ತಾರೆ. ಏನು ಸ್ಪಷ್ಟವಾಗುತ್ತದೆ ಎಂಬುದನ್ನು ಹೇಳುವುದೇ ಇಲ್ಲ. ಇನ್ನು ಕೆಲವರು ಕೋಷ್ಟಕದ ಪ್ರತಿ ಅಂಕಿಯನ್ನೂ ವಾಕ್ಯವಾಗಿ ಮತ್ತೆ ಬರೆಯುತ್ತಾರೆ. ಇವೆರಡರ ನಡುವೆ ಒಂದು ಕೆಲಸವಿದೆ: ಈ ಕೋಷ್ಟಕದಲ್ಲಿ ಯಾವ ಅಂಕಿಯನ್ನು ಯಾವ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು ಎಂದು ತೋರಿಸುವುದು.

ಜಾನ್ ಸ್ನೋ ಎಂಬ ಲಂಡನ್ ವೈದ್ಯ ಇದನ್ನು 1855ರಲ್ಲೇ ಮಾಡಿ ತೋರಿಸಿದ್ದಾನೆ. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಹೆಚ್ಚಿನವರು ನಂಬಿದ್ದ ಕಾಲ ಅದು. ನೀರಿನಿಂದ ಬರುತ್ತದೆ ಎಂಬುದು ಅವನ ವಾದ. ದಕ್ಷಿಣ ಲಂಡನ್ನಿನ ಅನೇಕ ಬೀದಿಗಳಲ್ಲಿ ಎರಡು ಕಂಪನಿಗಳ ನಲ್ಲಿ ನೀರು ಅಕ್ಕಪಕ್ಕದ ಮನೆಗಳಿಗೆ ಹೋಗುತ್ತಿತ್ತು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಯಲ್ಲಿ ನಗರದ ಕೊಳಚೆ ಸೇರುವ ಕಡೆಯಿಂದ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ಜಾಗವನ್ನು ನದಿಯ ಮೇಲ್ಭಾಗಕ್ಕೆ ಬದಲಿಸಿತ್ತು. 1854ರ ಕಾಲರಾ ಹಾವಳಿಯ ಮೊದಲ ಏಳು ವಾರಗಳಲ್ಲಿ ಮೊದಲ ಕಂಪನಿಯ ಗ್ರಾಹಕರಲ್ಲಿ 1,263 ಸಾವು, ಎರಡನೆಯದರಲ್ಲಿ 98.

ನನ್ನ ಮೇಜಿಗೆ ಬರುವ ಪ್ರಬಂಧವಾಗಿದ್ದರೆ ಇಲ್ಲಿಗೇ ನಿಂತುಬಿಡುತ್ತಿತ್ತು. 98ಕ್ಕೂ 1,263ಕ್ಕೂ ಇರುವ ಅಂತರ ನೋಡಿದರೆ ಇನ್ನೇನು ಬೇಕು ಎನ್ನಿಸುತ್ತದೆ. ಸ್ನೋ ಅಲ್ಲಿಗೆ ನಿಲ್ಲಲಿಲ್ಲ. ಮೊದಲ ಕಂಪನಿಯ ನೀರು 40,046 ಮನೆಗಳಿಗೆ, ಎರಡನೆಯದು 26,107 ಮನೆಗಳಿಗೆ ಹೋಗುತ್ತಿತ್ತು. ದೊಡ್ಡ ಕಂಪನಿಯಲ್ಲಿ ಸಾವು ಹೆಚ್ಚಿರುವುದು ಸಹಜ ಎಂದು ಯಾರಾದರೂ ಹೇಳಬಹುದಿತ್ತು. ಆದ್ದರಿಂದ ಕೋಷ್ಟಕದ ಕೊನೆಯ ಅಂಕಣದಲ್ಲಿ ಪ್ರತಿ 10,000 ಮನೆಗಳಿಗೆ ಎಷ್ಟು ಸಾವು ಎಂದು ಲೆಕ್ಕ ಹಾಕಿ ಇಟ್ಟ: 315 ಮತ್ತು 37. ಹೋಲಿಸಬೇಕಾದ ಜೋಡಿ ಅದು. ಜೊತೆಗೆ, ಎರಡೂ ಕಂಪನಿಗಳ ಕೊಳವೆ ಒಂದೇ ಬೀದಿಯಲ್ಲಿ ಹೋಗುತ್ತವೆ, ಬಡವರೂ ಸಿರಿವಂತರೂ ಎರಡರಲ್ಲೂ ಇದ್ದಾರೆ, ಉಸಿರಾಡುವ ಗಾಳಿ ಒಂದೇ ಎಂಬುದನ್ನೂ ವಿವರಿಸಿದ. ಎದುರಾಳಿ ಎತ್ತಬಹುದಾದ ಪ್ರಶ್ನೆಗೆ ಕೋಷ್ಟಕದಲ್ಲೇ ಒಂದು ಅಂಕಣ ಬಿಟ್ಟಂತೆ. ನನಗೆ ಈ ಕೋಷ್ಟಕ ಇವತ್ತಿಗೂ ಪಾಠದ ಪುಸ್ತಕ.

ಇನ್ನೊಂದು ಮಾತು. ಸರಾಸರಿ ಮತ್ತು ಸಹಸಂಬಂಧದ ಗುಣಾಂಕ ಕೊಟ್ಟರೆ ಚಿತ್ರ ಬೇಕಿಲ್ಲ ಎಂದುಕೊಂಡವರು ಫ್ರಾನ್ಸಿಸ್ ಆನ್‌ಸ್ಕೂಂ 1973ರಲ್ಲಿ ಪ್ರಕಟಿಸಿದ ನಾಲ್ಕು ಪುಟ್ಟ ದತ್ತಾಂಶಗಳನ್ನು ಒಮ್ಮೆ ಆಲೇಖದ ಹಾಳೆಯ ಮೇಲೆ ಬಿಡಿಸಿ ನೋಡಬೇಕು. ಒಂದೊಂದರಲ್ಲೂ 11 ಬಿಂದು. ನಾಲ್ಕರಲ್ಲೂ ಸರಾಸರಿ ಒಂದೇ, ಸಹಸಂಬಂಧ 0.816ರ ಆಸುಪಾಸು. ಬಿಡಿಸಿದರೆ ಒಂದು ಚದುರಿದ ಸರಳರೇಖೆ, ಇನ್ನೊಂದು ಬಿಲ್ಲಿನಂತೆ ಬಾಗಿದ ರೇಖೆ, ಮೂರನೆಯದರಲ್ಲಿ ಸಾಲು ತಪ್ಪಿದ ಒಂದು ಬಿಂದು, ನಾಲ್ಕನೆಯದರಲ್ಲಿ ದೂರ ನಿಂತ ಒಂದೇ ಬಿಂದು ಇಡೀ ಗೆರೆಯನ್ನು ಎಳೆದುಕೊಂಡು ನಿಂತಿರುತ್ತದೆ.

ತಪ್ಪು ಕಲ್ಪನೆ: ಕಂಡದ್ದೂ ಅದರ ಅರ್ಥವೂ ಒಂದೇ

ಹಳ್ಳಿಯ ಶಾಲೆಯ ಮಕ್ಕಳ ಅಂಕ ನಗರದ ಮಕ್ಕಳಿಗಿಂತ ಕಡಿಮೆ ಇತ್ತು ಎಂಬುದು ಕಂಡದ್ದು. "ಪೋಷಕರ ನಿರ್ಲಕ್ಷ್ಯದಿಂದ ಕಡಿಮೆ ಬಂದಿದೆ" ಎಂಬುದು ಅರ್ಥ ಹಚ್ಚಿದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದರೆ ಅಳತೆ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಫಲಿತಾಂಶ, ಚರ್ಚೆ ಎಂದು ಎರಡು ಭಾಗ ಮಾಡಿಟ್ಟಿರುವುದು ಇದಕ್ಕಾಗಿಯೇ. ಭಾಗ ಮಾಡದೆಯೂ ಅಂತರ ಕಾಪಾಡಬಹುದು ಎನ್ನುವುದಕ್ಕೆ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ 1928ರ ಮಾರ್ಚ್ 31ರ 'ನೇಚರ್'ನಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿ ನೋಡಬೇಕು.

ಕೋಲ್ಕತ್ತದ ಬಿಸಿಲನ್ನು 18 ಸೆಂಟಿಮೀಟರ್ ಅಗಲದ ದೂರದರ್ಶಕದ ಮಸೂರದಿಂದ ಒಟ್ಟುಗೂಡಿಸಿ, ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧ ಮಾಡಿದ ದ್ರವದೊಳಗೆ ಹಾಯಿಸಿದರು. ನೀಲಿ-ನೇರಳೆ ಸೋಸುಗಾಜನ್ನೂ ಹಳದಿ-ಹಸಿರು ಸೋಸುಗಾಜನ್ನೂ ಒಟ್ಟಿಗೆ ಬೆಳಕಿನ ದಾರಿಯಲ್ಲಿಟ್ಟಾಗ ದ್ರವದಲ್ಲಿನ ಬೆಳಕಿನ ಜಾಡು ಪೂರ್ತಿ ಆರಿತು. ಹಳದಿ-ಹಸಿರು ಗಾಜನ್ನು ಅಲ್ಲಿಂದ ತೆಗೆದು ದ್ರವಕ್ಕೂ ಕಣ್ಣಿಗೂ ನಡುವೆ ಹಿಡಿದಾಗ ಜಾಡು ಮತ್ತೆ ಕಂಡಿತು. ಅಂದರೆ ದ್ರವದೊಳಗೆ ಚದುರುವಾಗ ಒಂದಿಷ್ಟು ಬೆಳಕಿನ ಬಣ್ಣ ಬದಲಾಗಿದೆ. ಸುಮಾರು 60 ದ್ರವಗಳಲ್ಲಿ ನೋಡಿದರು, ಎಲ್ಲದರಲ್ಲೂ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಇತ್ತು. ಇದಿಷ್ಟು ಕಂಡದ್ದು.

ಆಮೇಲೆ ಅವರು ತಮ್ಮ ವಿರುದ್ಧ ಬರಬಹುದಾದ ದೊಡ್ಡ ಆಕ್ಷೇಪವನ್ನು ತಾವೇ ಎತ್ತುತ್ತಾರೆ. ಇದು ಬರೀ ಪ್ರತಿದೀಪ್ತಿ, ಅಂದರೆ ಕೆಲವು ವಸ್ತುಗಳು ಬೆಳಕು ಹೀರಿ ಬೇರೆ ಬಣ್ಣದಲ್ಲಿ ಹೊಳೆಯುವ ಹಳೆಯ ಪರಿಚಯದ ಸಂಗತಿ ಯಾಕಾಗಿರಬಾರದು? ಎರಡು ಕಾರಣ ಕೊಡುತ್ತಾರೆ: ಈ ಬೆಳಕು ಸಾಮಾನ್ಯ ಚದುರುವಿಕೆಗೆ ಹೋಲಿಸಿದರೆ ತೀರಾ ಕ್ಷೀಣ, ಮತ್ತು ಇದು ಅನೇಕ ದ್ರವಗಳಲ್ಲಿ ಪ್ರಬಲವಾಗಿ ಧ್ರುವೀಕರಣಗೊಂಡಿದೆ. ಕಂಡದ್ದು ಮೊದಲು, ಅರ್ಥ ಆಮೇಲೆ, ಅರ್ಥಕ್ಕೆ ಆಧಾರ ಅದರ ಪಕ್ಕದಲ್ಲೇ. ಬಿಸಿಲು, ಗಾಜು, ಕಣ್ಣು – ಇಷ್ಟೇ ಸಲಕರಣೆಯಲ್ಲಿ ಕಂಡದ್ದನ್ನು ಲೋಕ ನಂಬುವಂತೆ ಮಾಡಿದ್ದರಲ್ಲಿ ಈ ಕ್ರಮದ ಪಾಲೂ ಇದೆ.

ತಪ್ಪು ಕಲ್ಪನೆ: "ಸಾರ್ಥಕ ವ್ಯತ್ಯಾಸ" ಎಂದರೆ ದೊಡ್ಡ ವ್ಯತ್ಯಾಸ, ಅದಿಲ್ಲದಿದ್ದರೆ ಸಂಶೋಧನೆ ಸೋತಂತೆ

ನನ್ನ ವಿಷಯ ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸಂಖ್ಯಾಶಾಸ್ತ್ರದ "ಸಾರ್ಥಕ" ಮನೆಮಾತಿನ ಸಾರ್ಥಕವಲ್ಲ. ನಿಜವಾಗಿ ಏನೂ ವ್ಯತ್ಯಾಸವಿಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಕಾಣುವ ಸಂಭವ ಎಷ್ಟು ಎಂಬುದನ್ನು ಪಿ-ಮೌಲ್ಯ ಹೇಳುತ್ತದೆ. ಅದು 0.05ಕ್ಕಿಂತ ಕಡಿಮೆಯಾದರೆ ಸಾರ್ಥಕ ಎಂಬ ರೂಢಿ ಹರಡಿದ್ದು ರೊನಾಲ್ಡ್ ಫಿಶರ್ ಅವರ 1925ರ ಪುಸ್ತಕದಿಂದ. ಫಿಶರ್ ಆಗ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದರು. ಅನುಕೂಲಕ್ಕೆಂದು ಇಟ್ಟುಕೊಂಡ ಆ ಗಡಿ ಈಗ ನಮ್ಮ ಪ್ರಬಂಧಗಳಲ್ಲಿ ಲಕ್ಷ್ಮಣರೇಖೆಯಾಗಿದೆ. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿ, ಪಿ-ಮೌಲ್ಯ ಪ್ರಾಕ್ಕಲ್ಪನೆ ನಿಜವಾಗಿರುವ ಸಂಭವವನ್ನು ಅಳೆಯುವುದಿಲ್ಲ, ಪರಿಣಾಮ ಎಷ್ಟು ದೊಡ್ಡದು ಎಂಬುದನ್ನೂ ಹೇಳುವುದಿಲ್ಲ ಎಂದು ಎಚ್ಚರಿಸಿತು.

ಉದಾಹರಣೆಗೆ ಹೀಗೊಂದು ಪ್ರಯೋಗ ನಡೆದಿದೆ ಎಂದಿಟ್ಟುಕೊಳ್ಳೋಣ. ರಾಗಿ ಹೊಲದಲ್ಲಿ 24 ತಾಕು. 12ಕ್ಕೆ ಎರೆಗೊಬ್ಬರ ಹಾಕಿದೆ, 12ಕ್ಕೆ ಇಲ್ಲ. "ಎರೆಗೊಬ್ಬರದಿಂದ ಇಳುವರಿಯಲ್ಲಿ ಸಾರ್ಥಕ ವ್ಯತ್ಯಾಸ ಕಂಡುಬಂದಿದೆ (ಪಿ < 0.05)" ಎಂದು ಬರೆದರೆ ರೈತರಿಗೂ ಉಪಯೋಗವಿಲ್ಲ, ಇನ್ನೊಬ್ಬ ಸಂಶೋಧಕರಿಗೂ ಇಲ್ಲ. "ಎರೆಗೊಬ್ಬರ ಹಾಕಿದ ತಾಕುಗಳಲ್ಲಿ ಹೆಕ್ಟೇರಿಗೆ ಸರಾಸರಿ 24.6 ಕ್ವಿಂಟಲ್, ಹಾಕದವುಗಳಲ್ಲಿ 21.3 ಕ್ವಿಂಟಲ್ ರಾಗಿ ಬಂತು. ವ್ಯತ್ಯಾಸ 3.3 ಕ್ವಿಂಟಲ್ (ಶೇ 95ರ ವಿಶ್ವಾಸಾಂತರ 0.8ರಿಂದ 5.8)" ಎಂದು ಬರೆದರೆ ಎಲ್ಲ ಬಂತು. ಲಾಭ ಒಂದು ಕ್ವಿಂಟಲಿಗಿಂತ ಕಡಿಮೆಯೂ ಇರಬಹುದು, ಆರರ ಹತ್ತಿರವೂ ಇರಬಹುದು. ಗೊಬ್ಬರದ ಖರ್ಚು ಕಳೆದು ಗಿಟ್ಟುತ್ತದೆಯೇ ಎಂದು ರೈತ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಇದರ ಇನ್ನೊಂದು ಮುಖ ಎಂ.ಎಡ್. ಪ್ರಬಂಧಗಳಲ್ಲಿ ಪದೇ ಪದೇ ಸಿಗುತ್ತದೆ: "ಬಾಲಕರ ಮತ್ತು ಬಾಲಕಿಯರ ಸಾಧನೆಯಲ್ಲಿ ಸಾರ್ಥಕ ವ್ಯತ್ಯಾಸವಿಲ್ಲ. ಆದ್ದರಿಂದ ಶೂನ್ಯ ಪ್ರಾಕ್ಕಲ್ಪನೆಯನ್ನು ಸ್ವೀಕರಿಸಲಾಗಿದೆ." ಶೂನ್ಯ ಪ್ರಾಕ್ಕಲ್ಪನೆ ಎಂದರೆ ವ್ಯತ್ಯಾಸವೇ ಇಲ್ಲ ಎಂಬ ಊಹೆ. ಅದನ್ನು ಸ್ವೀಕರಿಸಲು ಬರುವುದಿಲ್ಲ. ಮೂವತ್ತು ಮೂವತ್ತು ಮಕ್ಕಳನ್ನು ನೋಡಿದಾಗ ವ್ಯತ್ಯಾಸ ಸಿಗಲಿಲ್ಲ ಎಂದರೆ ವ್ಯತ್ಯಾಸವೇ ಇಲ್ಲ ಎಂದಾಗುವುದಿಲ್ಲ. ನಮ್ಮ ಬಲೆಯ ಕಣ್ಣು ದೊಡ್ಡದಿದ್ದು ಮೀನು ನುಸುಳಿರಬಹುದು. "ತಿರಸ್ಕರಿಸಲು ಸಾಕಷ್ಟು ಆಧಾರ ಸಿಗಲಿಲ್ಲ" ಎಂಬುದು ಸರಿಯಾದ ಮಾತು. ಎಷ್ಟು ದೊಡ್ಡ ವ್ಯತ್ಯಾಸ ಇದ್ದಿದ್ದರೆ ನಮಗೆ ಕಾಣುತ್ತಿತ್ತು ಎಂಬುದನ್ನು ಹೇಳಿದರೆ ಇನ್ನೂ ಒಳ್ಳೆಯದು.

ಹಾಗೆ ಹೇಳಿದವರಲ್ಲಿ ಮೈಕಲ್‌ಸನ್ ಮತ್ತು ಮೋರ್ಲಿ ಅವರನ್ನು ಮೀರಿಸಿದವರಿಲ್ಲ. ಬೆಳಕು ಹರಿಯಲು ಬೇಕೆಂದು ನಂಬಿದ್ದ ಈಥರ್‌ನಲ್ಲಿ ಭೂಮಿ ಚಲಿಸುವುದನ್ನು ಪತ್ತೆ ಮಾಡಲು ಅವರು 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಪ್ರಯೋಗ ಮಾಡಿದರು. ಸಿಗಬೇಕಾದದ್ದು ಸಿಗಲಿಲ್ಲ. "ಪರಿಣಾಮ ಕಂಡುಬರಲಿಲ್ಲ" ಎಂದಷ್ಟೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಉಪಕರಣದಲ್ಲಿ ಕಾಣುವ ಬೆಳಕಿನ ಪಟ್ಟೆಗಳು ಒಂದು ಪಟ್ಟೆಯ 0.4ರಷ್ಟು ಸರಿಯಬೇಕಿತ್ತು, ನಿಜವಾಗಿ ಸರಿದದ್ದು ಅದರ ಇಪ್ಪತ್ತನೇ ಒಂದು ಭಾಗಕ್ಕಿಂತ ಖಂಡಿತ ಕಡಿಮೆ, ಬಹುಶಃ ನಲವತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಎಂದು ಅವರು ಬರೆದರು. ಎಷ್ಟು ನಿರೀಕ್ಷೆ ಇತ್ತು, ಎಷ್ಟು ಸಿಕ್ಕಿತು, ಯಾವ ಮಾತು ಖಂಡಿತ, ಯಾವುದು ಬಹುಶಃ – ಎಲ್ಲ ಎರಡೇ ವಾಕ್ಯದಲ್ಲಿ. ಆ "ಸಿಗಲಿಲ್ಲ" ಎಂಬ ಫಲಿತಾಂಶ ಇವತ್ತು ಪ್ರತಿ ಭೌತಶಾಸ್ತ್ರದ ಪುಸ್ತಕದಲ್ಲಿದೆ.

ತಪ್ಪು ಕಲ್ಪನೆ: "ಇರಬಹುದು", "ಬಹುಶಃ" ಎಂದರೆ ಬರೆದವರಿಗೆ ಧೈರ್ಯವಿಲ್ಲ

ಮೈಕಲ್‌ಸನ್ನರ "ಬಹುಶಃ" ಅಧೈರ್ಯದ್ದಲ್ಲ, ಲೆಕ್ಕ ಹಾಕಿ ಇಟ್ಟ ಬಹುಶಃ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆಯುವುದು ಬೇರೆ. "ಈ ಕ್ರಮವು ಒಂದು ರೀತಿಯಲ್ಲಿ ಕೆಲವೊಮ್ಮೆ ಸ್ವಲ್ಪ ಮಟ್ಟಿಗೆ ಉಪಯುಕ್ತವಾಗಬಹುದೇನೋ ಎನ್ನಬಹುದಾಗಿದೆ" ಎಂಬಂಥ ವಾಕ್ಯದಲ್ಲಿ ಅನುಮಾನ ಎಲ್ಲ ಪದಕ್ಕೂ ಮೆತ್ತಿಕೊಂಡಿದೆ, ಯಾವುದರ ಮೇಲೆ ಎಂದು ತಿಳಿಯುವುದಿಲ್ಲ. ಅನುಮಾನ ಎಲ್ಲಿದೆಯೋ ಅಲ್ಲಿ ಒಂದೇ ಸಲ ಇಡಬೇಕು. ಕನ್ನಡದಲ್ಲಿ ಇದಕ್ಕೆ ಮೆಟ್ಟಿಲುಗಳೇ ಇವೆ. "ತೋರಿಸುತ್ತದೆ" ಎಂದರೆ ಪುರಾವೆ ಗಟ್ಟಿ. "ಸೂಚಿಸುತ್ತದೆ" ಎಂದರೆ ಅತ್ತ ಕಡೆ ಬೆರಳು ಮಾಡುತ್ತಿದೆ. "ಇರಬಹುದು" ಎಂದರೆ ಬೇರೆ ಸಾಧ್ಯತೆಗಳೂ ತೆರೆದಿವೆ. ಇವನ್ನು ಅದಲುಬದಲು ಮಾಡಿ ಬಳಸುವುದೆಂದರೆ ಕಾಲು ಕೇಜಿ ಬಟ್ಟನ್ನು ಅರ್ಧ ಕೇಜಿ ಎಂದು ತಕ್ಕಡಿಗೆ ಹಾಕಿದ ಹಾಗೆ.

ನಮ್ಮ ಶಾಸನತಜ್ಞರು ಈ ಶಿಸ್ತನ್ನು ಒಂದೇ ಅಕ್ಷರದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಗುರುತಿಸಿದ ಶಾಸನದಲ್ಲಿ ಇಸವಿ ಕೊಟ್ಟಿಲ್ಲ. ಲಿಪಿ, ಭಾಷೆ, ಅಲ್ಲಿ ಬರುವ ಅರಸರ ಹೆಸರು ನೋಡಿ ಕಾಲ ಊಹಿಸಬೇಕು. ಆದ್ದರಿಂದ "ಕ್ರಿ.ಶ. ಸು. 450" ಎಂದು ಬರೆಯುತ್ತಾರೆ. ಆ "ಸು." ಬಿಟ್ಟು 450 ಎಂದಷ್ಟೇ ಹೇಳಿದ ಕೂಡಲೇ ಕಲ್ಲಿನಲ್ಲಿ ಇಲ್ಲದ ಇಸವಿಯನ್ನು ನಾವೇ ಕೆತ್ತಿದಂತಾಗುತ್ತದೆ.

2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ಪ್ರಯೋಗದ ವಿಜ್ಞಾನಿಗಳಿಗೆ ಈ ಶಿಸ್ತಿನ ದೊಡ್ಡ ಪರೀಕ್ಷೆ ಎದುರಾಯಿತು. ಜಿನೀವಾದ ಸರ್ನ್‌ನಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಗ್ರಾನ್ ಸಾಸ್ಸೊಗೆ ಹೊರಟ ನ್ಯೂಟ್ರಿನೊಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ ಅಳತೆ ಹೇಳುತ್ತಿತ್ತು. ಐನ್‌ಸ್ಟೈನ್‌ರನ್ನು ತಪ್ಪೆಂದು ಸಾರುವ ಅವಕಾಶ. ಅವರು ತಮ್ಮ ವರದಿಯಲ್ಲಿ ಅಳತೆಯನ್ನೂ ಅದರ ದೋಷದ ಮಿತಿಯನ್ನೂ ಇಟ್ಟು, ಸಿದ್ಧಾಂತದ ವ್ಯಾಖ್ಯಾನಕ್ಕೆ ತಾವು ಕೈಹಾಕುವುದಿಲ್ಲ ಎಂದು ಬೇಕೆಂದೇ ನಿಲ್ಲಿಸಿದರು. ಮುಂದಿನ ವರ್ಷ ಸರಿಯಾಗಿ ಕೂರದಿದ್ದ ಒಂದು ಫೈಬರ್ ಕೇಬಲ್ ತಪ್ಪಿನ ಮುಖ್ಯ ಮೂಲವೆಂದು ಸಿಕ್ಕಿತು. ಪತ್ರಿಕೆಗಳ ತಲೆಬರಹಗಳು ಸುಳ್ಳಾದವು. ಅಳತೆ ತಪ್ಪಾಗಿದ್ದರೂ ವರದಿಯ ಮಾತು ಅಳತೆಯ ಆಚೆ ಹೋಗಿರಲಿಲ್ಲ.

ತಪ್ಪು ಕಲ್ಪನೆ: ಮಿತಿಗಳನ್ನು ಒಪ್ಪಿಕೊಂಡರೆ ಪರೀಕ್ಷಕರು ಅದನ್ನೇ ಹಿಡಿದುಕೊಳ್ಳುತ್ತಾರೆ

ಪರೀಕ್ಷಕರು ಹೇಗಿದ್ದರೂ ಹಿಡಿದುಕೊಳ್ಳುತ್ತಾರೆ. ನೀವು ಮೊದಲೇ ಹೇಳಿದ್ದರೆ ಅದನ್ನು ಯೋಚಿಸಿದ್ದೀರಿ ಎಂದಾಗುತ್ತದೆ. "ಸಮಯಾಭಾವ ಮತ್ತು ಹಣದ ಅಭಾವದಿಂದ" ಎಂದು ಎಲ್ಲ ಪ್ರಬಂಧದಲ್ಲೂ ಇರುವ ಒಂದು ಸಾಲು ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಯಾವ ತೀರ್ಮಾನ ಎಷ್ಟು ಸಡಿಲ ಎಂದು ಹೇಳಬೇಕು.

ಸ್ನೋ ಕಥೆಯನ್ನು ಶಾಲೆಯಲ್ಲಿ ಹೇಳುವಾಗ, ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಹಿಡಿಯನ್ನು 1854ರ ಸೆಪ್ಟೆಂಬರ್ 8ರಂದು ಕಳಚಿದರು, ಕಾಲರಾ ನಿಂತಿತು ಎಂದು ಮುಗಿಸುತ್ತೇವೆ. ಸ್ನೋ ಹಾಗೆ ಬರೆದಿಲ್ಲ. ಜನ ಊರು ಬಿಟ್ಟು ಓಡಿದ್ದರಿಂದ ಸಾವು ಆಗಲೇ ಇಳಿಯುತ್ತಿತ್ತು, ಹಿಡಿ ಕಳಚುವ ಮೊದಲೇ ಹೊಸ ರೋಗಿಗಳು ಬಹಳ ಕಡಿಮೆಯಾಗಿದ್ದರು, ಆದ್ದರಿಂದ ಹಿಡಿ ಕಳಚಿದ್ದರಿಂದಲೇ ನಿಂತಿತೋ ಇಲ್ಲವೋ ತೀರ್ಮಾನಿಸಲು ಆಗದು ಎಂದು ತನ್ನ ಪುಸ್ತಕದಲ್ಲೇ ಒಪ್ಪಿಕೊಂಡ. ತನಗೆ ಅನುಕೂಲವಾದ ಕಥೆಯನ್ನು ತಾನೇ ಬಿಟ್ಟುಕೊಟ್ಟವನ 315 ಮತ್ತು 37ನ್ನು ನಾನು ಹೆಚ್ಚು ನಂಬುತ್ತೇನೆ. ವಾಟ್ಸನ್ ಮತ್ತು ಕ್ರಿಕ್ ಕೂಡ ತಮ್ಮ ರಚನೆ ಇನ್ನೂ ನಿಖರವಾದ ಫಲಿತಾಂಶಗಳೊಡನೆ ತಾಳೆ ನೋಡುವವರೆಗೆ ಸಾಬೀತಾಗದ್ದೆಂದೇ ತಿಳಿಯಬೇಕು ಎಂದು ಬರೆದಿದ್ದರು. ಆದರೆ ಅದೇ ಲೇಖನ ಡಿಎನ್‌ಎ ಬಗ್ಗೆ ಪ್ರಯೋಗ ಮಾಡುತ್ತಿದ್ದ ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ ಅವರ ಕೆಲಸದ ಋಣವನ್ನು ಒಂದು ಸಾಲಿನಲ್ಲಿ ಮಸುಕಾಗಿ ಹೇಳಿ ದಾಟಿಬಿಟ್ಟಿತು. ಸ್ಪಷ್ಟತೆಗೆ ಅದನ್ನು ಮಾದರಿ ಎಂದು ತೋರಿಸುವಾಗಲೆಲ್ಲ ಈ ಮಾತನ್ನೂ ಸೇರಿಸಿ ಹೇಳುತ್ತೇನೆ.

ತಪ್ಪು ಕಲ್ಪನೆ: ದಶಾಂಶ ಸ್ಥಾನ ಹೆಚ್ಚಿದಷ್ಟೂ ನಿಖರ

ಕಂಪ್ಯೂಟರ್ 67.38462 ಎಂದು ಕೊಡುತ್ತದೆ. 26 ಮಕ್ಕಳ ಸರಾಸರಿ ಅಂಕಕ್ಕೆ 67.4 ಸಾಕು. ಶೇಕಡಾದಲ್ಲೂ ಎಚ್ಚರ ಬೇಕು. ತೇರ್ಗಡೆ ಶೇ 40ರಿಂದ ಶೇ 50ಕ್ಕೆ ಏರಿದರೆ ಅದು 10 ಶೇಕಡಾ ಅಂಶಗಳ ಏರಿಕೆ, ಮೊದಲಿದ್ದುದಕ್ಕೆ ಹೋಲಿಸಿದರೆ ಶೇ 25ರ ಏರಿಕೆ. ಎರಡೂ ನಿಜ. ಯಾವುದನ್ನು ಹೇಳುತ್ತಿದ್ದೇವೆ ಎಂದು ಬರೆಯದಿದ್ದರೆ ಎರಡೂ ದಾರಿ ತಪ್ಪಿಸುತ್ತವೆ.

ತಪ್ಪು ಕಲ್ಪನೆ: ವೇದಿಕೆಯಲ್ಲಿ ಪ್ರಬಂಧವನ್ನೇ ಓದಿದರೆ ಆಯಿತು

ಓದುಗರು ಹಿಂದಿನ ಪುಟಕ್ಕೆ ಹೋಗಬಹುದು, ಕೇಳುಗರು ಹೋಗಲಾರರು. ಹಾಗಾಗಿ ಮಾತಿನಲ್ಲಿ ಒಂದು ಚಿತ್ರಕ್ಕೆ ಒಂದು ವಿಷಯ ಇರಲಿ; ಅಕ್ಷಗಳಲ್ಲಿ ಏನಿದೆ ಎಂದು ಮೊದಲು ಹೇಳಿ, ಆಮೇಲೆ ಎಲ್ಲಿ ನೋಡಬೇಕೆಂದು ಹೇಳಿ. 14 ಅಂಕಣದ ಕೋಷ್ಟಕವನ್ನು ಪರದೆಗೆ ಹಾಕಿ "ಇದು ಸರಿಯಾಗಿ ಕಾಣಿಸುವುದಿಲ್ಲ" ಎಂದು ಕ್ಷಮೆ ಕೇಳುವ ಬದಲು ಬೇಕಾದ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದರೆ ಹಿಂದಿನ ಸಾಲಿನವರಿಗೂ ತಲುಪುತ್ತದೆ. ವೈವಾದಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದರೆ "ಅದನ್ನು ನಾನು ಅಳೆದಿಲ್ಲ" ಎನ್ನಬಹುದು. ಅದು ಪೂರ್ಣ ಉತ್ತರ.

ವೇದಿಕೆಯ ಮಾತಿಗೂ ರಾಮನ್ ಒಳ್ಳೆಯ ಉದಾಹರಣೆ. ಅವರು ತಮ್ಮ ಶೋಧವನ್ನು ವಿಸ್ತಾರವಾಗಿ ವಿವರಿಸಿದ್ದು ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಉಪನ್ಯಾಸದಲ್ಲಿ. ಬಣ್ಣ ಬದಲಾದ ಬೆಳಕು ಕಂಡು ಆಗ ಕೆಲವೇ ವಾರಗಳಾಗಿದ್ದವು. ಹಿಂದಿನ ವರ್ಷಗಳಲ್ಲಿ ತಮ್ಮ ಪ್ರಯೋಗಾಲಯದಲ್ಲಿ ಸಿಕ್ಕ ಸುಳಿವುಗಳಿಂದ ಹಿಡಿದು ಅಲ್ಲಿಯವರೆಗಿನ ದಾರಿಯನ್ನು ಹೇಳಿದರು, ಕೇಳುಗರಿಗೆ ವರ್ಣಪಟಲದ ಚಿತ್ರಗಳನ್ನು ವಿವರಿಸಿದರು. ಕೊನೆಯಲ್ಲಿ, ತಾವು ಈಗ ನಿಂತಿರುವುದು ಒಂದು ಹೊಸ ಸೀಮೆಯ ಅಂಚಿನಲ್ಲಿ ಮಾತ್ರ, ಕೆಲಸವೆಲ್ಲ ಇನ್ನು ಆಗಬೇಕಾಗಿದೆ ಎಂದರು. ಆಮೇಲೆ ಕೃಷ್ಣನ್, ವೆಂಕಟೇಶ್ವರನ್ ಮತ್ತು ಪ್ರಯೋಗಾಲಯದ ಇತರರ ನೆರವನ್ನು ಸ್ಮರಿಸಿ ಕೂತರು.